ಕೇಳಲು ಸಂಕೋಚವೇಕೆ?

ಸಹೋದರಿ, ಪದವಿಯ ಕೊನೆಯ ವರ್ಷದಲ್ಲಿರುವ ಮಗಳು "ಅಮ್ಮೀ, ಮುಂದೇನು?" ಎಂದರೆ ಏನು ಹೇಳುತ್ತೀರಿ? ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲೇರಿದವಳು ಅವಳೇ ಆಗಿದ್ದರೆ, ಉತ್ತರವನ್ನು ಅದೇ ಕಾಲೇಜಿನಲ್ಲಿ ಓದಿಹೋದವರ ಬಳಿ ಹುಡುಕಬೇಕು.

ಕೊಪ್ಪಳ ವಿಶ್ವವಿದ್ಯಾಲಯ ಆರಂಭವಾದದ್ದು 2023ರಲ್ಲಿ. ಅಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲಿ ಎನ್ನಬೇಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಅದಕ್ಕೂ ಮೊದಲೇ ಕಾಲೇಜುಗಳಿದ್ದವು. ಹಿಂದೆ ಓದಿದವರ ಅಂಕಪಟ್ಟಿಯಲ್ಲಿ ಬಳ್ಳಾರಿಯ ಅಥವಾ ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರಿರಬಹುದು, ಕುಳಿತ ಬೆಂಚು ಒಂದೇ.

ಉಪನ್ಯಾಸಕರ ಮೂಲಕ ಅಂಥ ಒಬ್ಬ ಆಪಾರನ್ನು ಸಂಪರ್ಕಿಸಲಿ. ಸಲಾಮ್ ಹೇಳಿ, ಹೆಸರು, ಕಾಲೇಜು, ತರಗತಿ ತಿಳಿಸಲಿ. "ಕೆಲಸ ಕೊಡಿಸಿ" ಎನ್ನದೆ, "ಬಿ.ಎಡ್. ಮಾಡಲೇ, ಎಂ.ಎ. ಮಾಡಲೇ? ನಿಮಗೆ ಎಲ್ಲಿ ಕಷ್ಟವಾಯಿತು?" ಎಂದು ಕೇಳಲಿ. "371ಜೆ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೋ" ಎಂಬಂತಹ ಮಾತು ದಾರಿ ನಡೆದವರಿಂದಲೇ ಸಿಗುವುದು. ಅರ್ಜಿಯ ಕೊನೆಯ ದಿನಕ್ಕೆ ಆ ಕಾಗದ ಕೈಯಲ್ಲಿಲ್ಲದಿದ್ದರೆ, ನಮ್ಮ ಭಾಗಕ್ಕೆ ಸಿಕ್ಕಿರುವ ಮೀಸಲಾತಿಯೇ ತಪ್ಪಿಹೋಗುತ್ತದೆ.

ಸಲಹೆ ಪಡೆದ ಮೇಲೆ ಮರೆಯದಿರಲಿ. ಏನಾಯಿತೆಂದು ಅವರಿಗೆ ತಿಳಿಸಲಿ. ಹಾಗೆಯೇ ಸಹೋದರಿ, ನೀವೂ ಪದವಿ ಪಡೆದು ಮನೆಯಲ್ಲಿದ್ದರೆ, ಯಾವುದೋ ಹುಡುಗಿ ನಿಮ್ಮ ಸಲಹೆಗೂ ಕಾಯುತ್ತಿರಬಹುದು. ಅವಳ ಕರೆ ಬಂದಾಗ "ನನಗೇನು ಗೊತ್ತು?" ಎನ್ನಬೇಡಿ.