ಪೆಟ್ಟಿಗೂ ಪೆಟ್ಟಿಗೂ ನಡುವಿನ ಜಾಗ

ಕಮ್ಮನಹಳ್ಳಿಯಂಥ ಬಡಾವಣೆಯಲ್ಲಿ ಪಕ್ಕದ ಮನೆಯ ಹಾಡು ಇಡಿಯಾಗಿ ಕೇಳಿಸುವುದು ಅಪರೂಪ. ಗೋಡೆಗೆ ಗೋಡೆ ತಾಗಿದ ಮೂವತ್ತು-ನಲವತ್ತರ ಸೈಟುಗಳು. ಕೆಳಗೆ ಮನೆ ಮಾಲೀಕರ ಸಂಸಾರ, ಮೇಲಿನ ಮಹಡಿಗಳಲ್ಲಿ ಕೇರಳದಿಂದಲೋ ಮಣಿಪುರದಿಂದಲೋ ಆಫ್ರಿಕಾದಿಂದಲೋ ಓದಲು ಬಂದ ಹುಡುಗ ಹುಡುಗಿಯರು. ಶನಿವಾರ ರಾತ್ರಿ ಅತ್ತ ಯಾರಾದರೂ ಹಾಡು ಹಾಕಿದರೆ ಇತ್ತ ಬಂದು ಮುಟ್ಟುವುದು ಬೇಸ್ ಮತ್ತು ಡ್ರಮ್ಮಿನ ದುಂ ದುಂ ಅಷ್ಟೇ. ಶಬ್ದ ದಾಟಬೇಕಾದರೆ ಗೋಡೆಯೇ ಅಲುಗಬೇಕು. ಕಂಪನ ಚುರುಕಾದಷ್ಟೂ ಭಾರದ ಗೋಡೆ ಅದರ ಜೊತೆಗೆ ಓಡಲಾರದು. ಆವರ್ತನ ಇಮ್ಮಡಿಯಾದಾಗಲೆಲ್ಲ ತಡೆ ಸುಮಾರು 6 ಡೆಸಿಬೆಲ್‌ನಷ್ಟು ಏರುತ್ತದೆ. ಹಾಗಾಗಿ ಮಾತು, ರಾಗ ಎಲ್ಲ ಗೋಡೆಯಾಚೆಯೇ ಉಳಿದು ಮಂದ್ರದ ಪೆಟ್ಟು ಮಾತ್ರ ಒಳಗೆ ಬರುತ್ತದೆ.

ಅಷ್ಟು ಬಂದರೂ ಕಾಲು ತಾಳ ಹಾಕತೊಡಗುತ್ತದೆ. ಯಾಕೆ?

ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಸ್ಟೀವಿ ವಂಡರ್ ಅವರ ‘ಸೂಪರ್‌ಸ್ಟಿಷನ್’. 1972ರಲ್ಲಿ ಬಂದ ಈ ಫಂಕ್ ಹಾಡು 1973ರ ಜನವರಿಯಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಡ್ರಮ್ಸ್, ಕ್ಲಾವಿನೆಟ್, ಮೂಗ್ ಸಿಂಥಸೈಜರ್‌ನ ಬೇಸ್ ಮೂರನ್ನೂ ನುಡಿಸಿದವರು ಆಗ 22ರ ಹರೆಯದಲ್ಲಿದ್ದ ವಂಡರ್ ಅವರೇ. ನಲವತ್ತು ವರ್ಷಗಳ ನಂತರ, 2012ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪೀಟರ್ ಜನಾಟಾ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಬಗೆಬಗೆಯ ಹಾಡಿನ ತುಣುಕುಗಳನ್ನು ಕೇಳಿಸಿ, ಯಾವುದಕ್ಕೆ ಮೈ ಆಡಿಸಬೇಕೆನಿಸುತ್ತದೆ ಎಂದು ಅಂಕ ಕೊಡಿಸಿದರು. ಈ ಹಿತವಾದ ತವಕವನ್ನೇ ಸಂಗೀತಗಾರರು ಗ್ರೂವ್ ಎನ್ನುವುದು. ಎಲ್ಲಕ್ಕಿಂತ ಹೆಚ್ಚು ಅಂಕ ಬಿದ್ದದ್ದು ಈ ಹಾಡಿಗೆ.

ಇದರ ಕಟ್ಟಡವನ್ನು ಹತ್ತಿರದಿಂದ ನೋಡೋಣ. ನಿಮಿಷಕ್ಕೆ ಸುಮಾರು 100 ಪೆಟ್ಟು, ಪೆಟ್ಟಿಗೂ ಪೆಟ್ಟಿಗೂ ನಡುವೆ 0.6 ಸೆಕೆಂಡು. ಅದನ್ನು ತಕಧಿಮಿ ಎಂದು ನಾಲ್ಕಾಗಿ ಒಡೆದರೆ ಒಂದೊಂದು ಪಾಲಿಗೆ 0.15 ಸೆಕೆಂಡು. ಕಾಲಲ್ಲಿ ನುಡಿಸುವ ದೊಡ್ಡ ಡ್ರಮ್ ಪ್ರತಿ ಪೆಟ್ಟಿಗೂ ತಪ್ಪದೆ ಬೀಳುತ್ತದೆ. ಅದರ ಮೇಲೆ ಜೋಡಿ ತಟ್ಟೆಗಳ ಹೈಹ್ಯಾಟ್ ತುಸು ಓಲಾಡುತ್ತಾ ಸಾಗುತ್ತದೆ. ಆಮೇಲೆ ಕ್ಲಾವಿನೆಟ್ ಬರುತ್ತದೆ, ಪೆಟ್ಟಿನ ಮೇಲೆ ಕೂರುವುದಕ್ಕಿಂತ ನಡುವಿನ ಆ ಸಣ್ಣ ಪಾಲುಗಳಲ್ಲೇ ಹೆಚ್ಚು ಆಡುತ್ತಾ.

ಜರ್ಮನಿಯ ಹೋನರ್ ಕಂಪನಿಗಾಗಿ ಅರ್ನ್ಸ್ಟ್ ಜಕರಿಯಾಸ್ ರೂಪಿಸಿದ ವಾದ್ಯ ಅದು. ಹಾರ್ಮೋನಿಯಮ್ಮಿನಲ್ಲಿರುವಂಥ 60 ಮನೆಗಳು, ಒಂದೊಂದಕ್ಕೂ ಒಂದೊಂದು ತಂತಿ. ಮನೆ ಒತ್ತಿದಾಗ ಅಡಿಯ ರಬ್ಬರ್ ತುದಿ ತಂತಿಯನ್ನು ಲೋಹದ ಮೇಲೆ ಬಡಿದು ಹಿಡಿಯುತ್ತದೆ. ಬೆರಳು ಎತ್ತಿದ ಕೂಡಲೇ ತಂತಿಯ ತುದಿಗೆ ಹೆಣೆದ ನೂಲು ನಾದವನ್ನು ನುಂಗಿಬಿಡುತ್ತದೆ. ಸ್ವರ ಎದ್ದ ಕ್ಷಣವೂ ಖಚಿತ, ಅಡಗಿದ ಕ್ಷಣವೂ ಖಚಿತ. ಸ್ವರವಾದ್ಯವಾಗಿದ್ದೂ ಅದು ತಾಳವಾದ್ಯದ ಕೆಲಸ ಮಾಡುತ್ತದೆ.

ಹೀಗೆ ಪೆಟ್ಟು ತಪ್ಪಿಸಿ ನುಡಿಸುವುದು ಎಷ್ಟಿದ್ದರೆ ಹಿತ? ಮರಿಯಾ ವಿಟೆಕ್ ಮತ್ತಿತರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡ್ರಮ್ ತುಣುಕುಗಳನ್ನೇ ಕೇಳಿಸಿ ಇದನ್ನು ಅಳೆದರು. ತೀರಾ ನೇರವಾದ ಲಯ ಕುಣಿಸಲಿಲ್ಲ, ತೀರಾ ತೊಡಕಾದದ್ದೂ ಕುಣಿಸಲಿಲ್ಲ, ನಡುವಿನದು ಕುಣಿಸಿತು. ಕಛೇರಿಗೆ ಹೋಗುವವರಿಗೆ ಇದು ಹೊಸದೆನಿಸದು. ಅನಾಗತ ಎಡುಪಿನಲ್ಲಿ ಸಮ, ಅಂದರೆ ತಾಳದ ಮೊದಲ ಪೆಟ್ಟು, ಕಳೆದ ಮೇಲೆ ಪಲ್ಲವಿ ಏಳುತ್ತದೆ. ತೊಡೆಯ ಮೇಲೆ ಬಿದ್ದ ಕೈಗೆ ಆ ಕ್ಷಣ ಉತ್ತರವಿಲ್ಲ. ಕೇಳುಗನೇ ಆ ಖಾಲಿಯನ್ನು ಹಿಡಿದು ಕಾಯುತ್ತಾನೆ. ಫಂಕ್ ಕೂಡ ಸಮವನ್ನು ಬಿಗಿಯಾಗಿ ನೆಟ್ಟು ಉಳಿದ ಜಾಗವನ್ನು ಕೇಳುಗನ ಮೈಗೇ ಬಿಡುತ್ತದೆ. ನಮ್ಮ ತಾಳಶಾಸ್ತ್ರ ಬಹಳ ಹಿಂದೆಯೇ ಗುರುತಿಸಿ ಹೆಸರಿಟ್ಟ ಸಂಗತಿಯನ್ನು ಪ್ರಯೋಗಾಲಯಗಳು ಈಗ ಅಳೆಯುತ್ತಿವೆ. ಬಾಯಲ್ಲೇ ತಾಳದ ಸೊಲ್ಲು ನುಡಿಸುವ ಕೊನ್ನಕೋಲು ಕಲಿತ ಕಿವಿಗಳ ಮೇಲೂ ಇಂಥ ಅಳತೆಗಳು ಹೆಚ್ಚು ಹೆಚ್ಚು ನಡೆಯಬೇಕೆಂಬುದು ನನ್ನ ಆಸೆ.

ಕಾಯುವ ಕೆಲಸ ಮಿದುಳಿನದು. ಜೆಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ 2007ರಲ್ಲಿ ತೋರಿಸಿದಂತೆ, ಸ್ಪಷ್ಟ ಪೆಟ್ಟಿರುವ ಲಯವನ್ನು ಅಲುಗಾಡದೆ ಮಲಗಿ ಕೇಳಿದರೂ ಚಲನೆಯನ್ನು ನಿಭಾಯಿಸುವ ಬೇಸಲ್ ಗ್ಯಾಂಗ್ಲಿಯಾ ಚುರುಕಾಗುತ್ತದೆ. ಮುಂದಿನ ಪೆಟ್ಟು ಎಲ್ಲಿ ಎಂದು ಮಿದುಳು ಮೊದಲೇ ಊಹಿಸಿಟ್ಟುಕೊಳ್ಳುತ್ತದೆ. 2009ರಲ್ಲಿ ಇಸ್ತ್ವಾನ್ ವಿಂಕ್ಲರ್ ತಂಡ ಹುಟ್ಟಿ ಎರಡು ಮೂರು ದಿನಗಳಾದ ಶಿಶುಗಳಿಗೆ ಡ್ರಮ್ ಲಯ ಕೇಳಿಸಿತು. ಸಮದ ಪೆಟ್ಟನ್ನೇ ಕೈಬಿಟ್ಟಾಗ ನಿದ್ದೆಯಲ್ಲೂ ಶಿಶುಗಳ ಮಿದುಳು ಅದನ್ನು ಗುರುತಿಸಿತು.

ಇನ್ನು ಗೋಡೆ ದಾಟಿ ಬಂದ ಮಂದ್ರದ ವಿಷಯ. ಈ ಹಾಡಿನ ಶ್ರುತಿ ಇ-ಫ್ಲಾಟ್. ಆ ಸ್ವರದ ಕೆಳಗಿನ ರೂಪವೊಂದು ಸೆಕೆಂಡಿಗೆ ಸುಮಾರು 39 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಸುಮಾರು 9 ಮೀಟರ್, ಹೆಚ್ಚುಕಡಿಮೆ ಕಮ್ಮನಹಳ್ಳಿಯ ಸೈಟಿನ ಮೂವತ್ತಡಿ ಅಗಲದಷ್ಟೇ. ಬೇಸನ್ನು ಬರೀ ಗದ್ದಲವೆಂದು ತಳ್ಳಿಹಾಕುವಂತಿಲ್ಲ. ಮೈಕೆಲ್ ಹೋವ್ ಮತ್ತಿತರರು 2014ರಲ್ಲಿ ತಾರ ಮತ್ತು ಮಂದ್ರದ ಎರಡು ಸ್ವರಗಳನ್ನು ಒಟ್ಟಿಗೆ ಕೇಳಿಸುತ್ತಾ, ನಡುನಡುವೆ ಒಂದನ್ನು 50 ಮಿಲಿಸೆಕೆಂಡು ಮುಂಚೆ ನುಡಿಸಿದರು. ಕಾಲ ತಪ್ಪಿದ್ದು ಮಂದ್ರದ ಸ್ವರವಾದಾಗ ಮಿದುಳಿನ ಪ್ರತಿಕ್ರಿಯೆ ಹೆಚ್ಚು ಜೋರಾಗಿತ್ತು. ಲಯದ ಲೆಕ್ಕವನ್ನು ಕಿವಿ ಮಂದ್ರದಲ್ಲೇ ಚೆನ್ನಾಗಿ ಇಡುತ್ತದೆ.

ಈ ತಿಳಿವಳಿಕೆ ಚಿಕಿತ್ಸೆಯವರೆಗೂ ಹೋಗಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೆಡುವುದು ಇದೇ ಬೇಸಲ್ ಗ್ಯಾಂಗ್ಲಿಯಾದ ಕೆಲಸ. ಹೆಜ್ಜೆ ಚಿಕ್ಕದಾಗುತ್ತದೆ, ತಡವರಿಸುತ್ತದೆ. ಹೊರಗಿನಿಂದ ಲಯ ಕೊಟ್ಟು ನಡೆಸಿದರೆ ಅನೇಕರ ನಡಿಗೆ ಸುಧಾರಿಸುವುದನ್ನು ಮೈಕೆಲ್ ಥಾಟ್ ತಂಡ 1996ರಲ್ಲೇ ತೋರಿಸಿತ್ತು. ಆದರೆ ಯಾವ ಹಾಡಾದರೂ ಆದೀತು ಎಂದಲ್ಲ. ಆರೋಗ್ಯವಂತ ಯುವಜನರ ಮೇಲೆ 2014ರಲ್ಲಿ ನಡೆದ ಒಂದು ಅಧ್ಯಯನದಲ್ಲಿ ಗ್ರೂವ್ ಹೆಚ್ಚಿದ್ದ ಸಂಗೀತಕ್ಕೆ ಜನ ಬೇಗ ಬೇಗ ನಡೆದರು. ಲಯಜ್ಞಾನ ಕಡಿಮೆಯಿದ್ದವರಿಗೆ ಗ್ರೂವ್ ಇಲ್ಲದ ಹಾಡಿನ ಜೊತೆ ಹೆಜ್ಜೆ ಹೊಂದಿಸಲು ಹೇಳಿದಾಗ ಅವರ ನಡಿಗೆ ಇನ್ನೂ ನಿಧಾನವಾಯಿತು.