ಗೇರ್‌ಬಾಕ್ಸ್ ಗುಂಯ್ ಅಂದಾಕ್ಷಣ ಕಾರು ಗುಜರಿಗಲ್ಲ

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಈಗ ನಮ್ಮೂರಿನ ಎಷ್ಟೋ ಮನೆಗಳ ದಿನ ಶುರುವಾಗೋದು ಬೆಂಗಳೂರಿನ ರೈಲಿನ ಹೊತ್ತಿಗೆ. ಸಾಫ್ಟ್‌ವೇರ್ ಎಂಜಿನಿಯರ್ ಆದ ನಾನೂ ಆ ಗುಂಪಿನವನೇ. ಇಲ್ಲಿ ರೈಲು ತಪ್ಪಿದರೆ ಅಪ್ಪನ ಹಳೇ ಕಾರಿನಲ್ಲಿ ಬಂಗಾರಪೇಟೆ ಜಂಕ್ಷನ್‌ಗೆ ಓಟ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲೂ ಅದೇ ಕಾರು. ಅದರ ಗೇರ್‌ಬಾಕ್ಸ್ ಗುಂಯ್‌ಗುಡತೊಡಗಿದಾಗ ಒಂದು ಗ್ಯಾರೇಜಿನವರು, "ಬೇರೆ ಗೇರ್‌ಬಾಕ್ಸೇ ಹಾಕ್ಬೇಕು, ಇಲ್ಲಾಂದ್ರೆ ಗುಜರಿಗೆ ಕೊಟ್ಬಿಡಿ" ಅಂದರು. ಮನೆಯಲ್ಲಿ ಎಲ್ಲರ ಮುಖ ಸಪ್ಪಗಾಯಿತು.

ಬಂಗಾರಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಮಾತ್ರ ಏನನ್ನೂ ಬಿಚ್ಚದೆ ಮೊದಲು ಕಿವಿಗೊಟ್ಟರು. "ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಡಪ್ಪಾ." ಶಬ್ದ ಬಂತು. "ಈಗ ಒತ್ತು." ನಿಂತಿತು. ಕ್ಲಚ್ ಬಿಟ್ಟಾಗ ಎಂಜಿನ್ ಜೊತೆ ತಿರುಗುವ ಇನ್‌ಪುಟ್ ಶಾಫ್ಟ್, ಒತ್ತಿದಾಗ ನಿಲ್ಲುತ್ತದೆ. ಹಾಗಾಗಿ ಅನುಮಾನ ಅದರ ಬೇರಿಂಗ್ ಮೇಲೆ. ಒತ್ತಿದಾಗಲೇ ಶಬ್ದ ಬಂದಿದ್ದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ನೋಡಬೇಕಿತ್ತು. ನಿಮ್ಮ ಕಾರಿನಲ್ಲೂ ಈ ಪರೀಕ್ಷೆ ನೀವೇ ಮಾಡಬಹುದು.

ನಮ್ಮ ಕಾರಿನಲ್ಲಿ ಬೇರಿಂಗ್ ಸವೆಯಲು ಕಾರಣ ಆಯಿಲ್ ಸೀಲ್. ರಬ್ಬರಿನ ಈ ಬಳೆ ವರ್ಷಗಳ ಬಿಸಿಗೆ ಗಟ್ಟಿಯಾಗಿ, ಅಂಚು ಸವೆದು, ಗೇರ್ ಆಯಿಲ್ ತೊಟ್ಟಿಕ್ಕಿತ್ತು. ಎಣ್ಣೆ ಕಡಿಮೆಯಾದರೆ ಬೇರಿಂಗ್ ಬಿಸಿಯಾಗಿ ಸವೆಯುತ್ತದೆ, ಕೊನೆಗೆ ಹಲ್ಲುಗಳೂ ಹಾಳಾಗುತ್ತವೆ. ನಮ್ಮದರಲ್ಲಿ ಹಲ್ಲುಗಳು ಚೆನ್ನಾಗಿದ್ದವು.

ಹಳೇ ಕಾರಿನ ಬೇರಿಂಗ್ ಎಲ್ಲಿ ಸಿಗುತ್ತೆ ಅನ್ನೋ ಚಿಂತೆಗೆ ಉತ್ತರ ಅದರ ಮೈಮೇಲೇ ಇರುತ್ತೆ. 6205 ಅಂತ ಕೊರೆದಿದ್ದರೆ, ಕೊನೆಯ 05ನ್ನು 5ರಿಂದ ಗುಣಿಸಿ: ಒಳವ್ಯಾಸ 25 ಮಿಲಿಮೀಟರ್. ಸಂಖ್ಯೆಯ ಜೊತೆಗಿರುವ ಅಕ್ಷರಗಳೂ ಹೊಂದಬೇಕು. ಸೀಲಿನ ಮೇಲೂ ಸಾಮಾನ್ಯವಾಗಿ ಒಳವ್ಯಾಸ, ಹೊರವ್ಯಾಸ, ದಪ್ಪ ಬರೆದಿರುತ್ತಾರೆ.

ಕೂರಿಸುವಾಗಲೂ ಲೆಕ್ಕವಿದೆ. ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನೇ ಒತ್ತಬೇಕು, ಗೂಡಿಗೆ ಇಳಿಸುವಾಗ ಹೊರಬಳೆಯನ್ನು. ತಪ್ಪು ಬಳೆಯ ಮೇಲೆ ಹೊಡೆದರೆ ಪೆಟ್ಟು ಗುಂಡುಗಳಿಗೆ ಬಿದ್ದು ಹೊಸ ಬೇರಿಂಗೂ ಹಾಳು. ಸೀಲಿನ ಅಂಚಿಗೆ ಗ್ರೀಸ್ ಸವರಿ ಸುತ್ತಲೂ ಸಮನಾಗಿ ತಟ್ಟಬೇಕು. ಗೇರ್‌ಬಾಕ್ಸಿನ ಗಾಳಿರಂಧ್ರ ಕಟ್ಟಿಕೊಂಡಿದ್ದರೆ ಒತ್ತಡ ಏರಿ ಹೊಸ ಸೀಲೂ ಸೋರುತ್ತೆ. ಅದನ್ನೂ ಶುಚಿ ಮಾಡಿಸಿ.

ಸಾಮಾನಿಗಿಂತ ನಮಗೆ ಹೆಚ್ಚು ಖರ್ಚಾಗಿದ್ದು ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ. ಆದ್ದರಿಂದ ಇಳಿಸಿದಾಗಲೇ ಉಳಿದ ಬೇರಿಂಗ್‌ಗಳು, ಎಲ್ಲ ಸೀಲ್‌ಗಳು, ಕ್ಲಚ್ ಪ್ಲೇಟ್ ನೋಡಿಸಿಬಿಡಿ. ಆಯಿಲ್ ಯಾವುದು, ಎಷ್ಟು ಅನ್ನೋದನ್ನು ಕಾರಿನ ಪುಸ್ತಕ ನೋಡಿಯೇ ಹಾಕಿಸಿ.

ಅಪ್ಪ ಈಗ ವಾರಕ್ಕೊಮ್ಮೆ ಕಾರಿನ ಕೆಳಗೆ ಹಳೇ ಪೇಪರ್ ಹಾಸಿಡುತ್ತಾರೆ. ಬೆಳಿಗ್ಗೆ ಅದರ ಮೇಲೆ ಎಣ್ಣೆಯ ಚುಕ್ಕೆ ಕಂಡರೆ ಸೀಲ್ ನೋಡಿಸುವ ಕಾಲ ಬಂತು ಅಂತ ಅರ್ಥ. ಶಬ್ದ ಬರುವವರೆಗೆ ಕಾಯಬೇಕಿಲ್ಲ.