ಚಿಮಣಿ ಎತ್ತರವಾದ ಕಥೆ

ಹೈದರಾಬಾದ್ ಕಡೆಯಿಂದ ರಾಯಚೂರಿಗೆ ಬರುವವರಿಗೆ ಕೃಷ್ಣಾ ಸೇತುವೆ ಸಿಗುವ ಮೊದಲೇ ಶಕ್ತಿನಗರದ ಚಿಮಣಿಗಳು ಕಾಣಿಸುತ್ತವೆ. 1985ರಲ್ಲಿ 210 ಮೆಗಾವಾಟ್‌ನ ಒಂದು ಘಟಕದಿಂದ ಶುರುವಾದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ (ಆರ್‌ಟಿಪಿಎಸ್) ಈಗ ಎಂಟು ಘಟಕಗಳು, ಒಟ್ಟು 1,720 ಮೆಗಾವಾಟ್. ಇಲ್ಲಿನ ಹಾರುಬೂದಿ ಕಣ್ಣಿಗೆ ಕಾಣುತ್ತದೆ; ಹಾಗಾಗಿ ಅದರ ಬಗ್ಗೆ ದೂರು, ಸಭೆ, ಜಗಳ ಎಲ್ಲವೂ ಆಗುತ್ತವೆ. ಕಾಣದ್ದು ಗಂಧಕ. ಅದಕ್ಕೆ ನಾವು ನೆಚ್ಚಿಕೊಂಡ ಔಷಧವೇ ಚಿಮಣಿಯ ಎತ್ತರ.

ಈ ಔಷಧ ನಮ್ಮ ನೆಲದ್ದಲ್ಲ. ಲಂಡನ್ನಿನ ಥೇಮ್ಸ್ ದಂಡೆಯ ಬ್ಯಾಟರ್‌ಸೀ ಸ್ಥಾವರ 1933ರಲ್ಲಿ ಕೆಲಸ ಆರಂಭಿಸಿತು. ನಗರದ ನಡುವೆ ಇಷ್ಟು ದೊಡ್ಡ ಒಲೆ ಬೇಡವೆಂದು ಮೊದಲೇ ಗಲಾಟೆ ಎದ್ದಿದ್ದರಿಂದ ಅಲ್ಲಿ ಹೊಗೆಯನ್ನು ನದಿಯ ನೀರಿನಲ್ಲಿ ತೊಳೆದು ಬಿಡುವ ಏರ್ಪಾಟಿತ್ತು. ಹೊಗೆಯಿಂದ ಗಂಧಕ ತೆಗೆಯುವ ವಿದ್ಯೆ ಅಷ್ಟು ಹಳೆಯದು. ಆದರೆ ತೊಳೆದ ಹೊಗೆ ತಣ್ಣಗಾಗಿ ಮೇಲೇರುತ್ತಿರಲಿಲ್ಲ, ಸುತ್ತಮುತ್ತಲೇ ಇಳಿಯುತ್ತಿತ್ತು. 1952ರ ಡಿಸೆಂಬರ್‌ನಲ್ಲಿ ಲಂಡನ್ನನ್ನು ಐದು ದಿನ ಮುಚ್ಚಿದ ಹೊಗೆಮಂಜಿಗೆ ಸುಮಾರು 4,000 ಮಂದಿ ಬಲಿಯಾದರು. ನಂತರದ ಅಂದಾಜುಗಳು ಆ ಸಂಖ್ಯೆಯನ್ನು 12,000ದವರೆಗೂ ಒಯ್ದಿವೆ. ಆಮೇಲೆ ಬ್ರಿಟನ್ನಿನ ಎಂಜಿನಿಯರುಗಳಿಗೆ ಎತ್ತರವೇ ಸುಲಭದ ದಾರಿಯಾಗಿ ಕಂಡಿತು. ತೊಳೆಯುವ ಖರ್ಚಿಲ್ಲ, ಬಿಸಿ ಹೊಗೆ ತಾನಾಗಿ ಮೇಲೇರಿ ಚದುರುತ್ತದೆ. ಯಾರ್ಕ್‌ಷೈರಿನ ಡ್ರ್ಯಾಕ್ಸ್ ಸ್ಥಾವರದ ಚಿಮಣಿ 259 ಮೀಟರ್ ಎದ್ದಿತು.

ಹೊಗೆ ಚದುರಿತು ನಿಜ. ಹೋಗಿ ಇಳಿದದ್ದು ಸಮುದ್ರದಾಚೆ. ನಮ್ಮನೆ ಕಸವನ್ನು ಪಕ್ಕದವರ ಹಿತ್ತಿಲಿಗೆ ತಳ್ಳಿ ಅಂಗಳ ಚೊಕ್ಕವಾಯಿತು ಎಂದ ಹಾಗೆ. ಸ್ವೀಡನ್, ನಾರ್ವೆಯ ಕೆರೆಗಳು ಆಮ್ಲಮಳೆಗೆ ಹುಳಿಯಾಗಿ ಮೀನು ಸತ್ತವು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ ಈ ತಕರಾರನ್ನು ಜಗತ್ತಿನ ಮುಂದಿಟ್ಟಿತು. ಕೊನೆಗೆ 1990ರ ದಶಕದಲ್ಲಿ ಡ್ರ್ಯಾಕ್ಸ್ ಕೂಡ ಹೊಗೆ ತೊಳೆಯುವ ಯಂತ್ರ ಕೂರಿಸಿಕೊಳ್ಳಬೇಕಾಯಿತು.

ಯುರೋಪು ಎತ್ತರದ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಿದ್ದ ಕಾಲಕ್ಕೇ ನಾವು ಅದನ್ನು ನಿಯಮ ಮಾಡಿಕೊಂಡೆವು. 200 ಮೆಗಾವಾಟ್‌ನಿಂದ ಹಿಡಿದು 500ಕ್ಕಿಂತ ಕಡಿಮೆಯ ಘಟಕಕ್ಕೆ 220 ಮೀಟರ್ ಚಿಮಣಿ, 500 ಮತ್ತು ಅದಕ್ಕೂ ದೊಡ್ಡದಕ್ಕೆ 275 ಮೀಟರ್. ದೂಳಿಗೆ ಮಿತಿಯಿತ್ತು, ಸಲ್ಫರ್ ಡೈಆಕ್ಸೈಡ್ ಎಷ್ಟು ಹೊರಬಿದ್ದರೂ ದೇಶಕ್ಕೆಲ್ಲ ಅನ್ವಯಿಸುವ ಮಿತಿ ಇರಲಿಲ್ಲ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಗಂಧಕ ಕಡಿಮೆ ಎಂಬುದು ಇದಕ್ಕೆ ಕೊಡುತ್ತಿದ್ದ ಸಮಜಾಯಿಷಿ. ಮಾತು ಸುಳ್ಳಲ್ಲ. ಬಹುಪಾಲು ಕಲ್ಲಿದ್ದಲಿನಲ್ಲಿ ಗಂಧಕ ಶೇ 0.3ರಿಂದ 0.5 ಅಷ್ಟೇ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. 210 ಮೆಗಾವಾಟ್‌ನ ಒಂದೇ ಘಟಕ ಪೂರ್ಣವಾಗಿ ಓಡಿದರೆ ದಿನಕ್ಕೆ ಸುಮಾರು 3,500 ಟನ್. ಅದರಲ್ಲಿ ಶೇ 0.4 ಗಂಧಕವೆಂದರೆ 14 ಟನ್. ಉರಿದಾಗ ಆಮ್ಲಜನಕ ಕೂಡಿ ತೂಕ ದುಪ್ಪಟ್ಟಾಗುತ್ತದೆ: ಹೆಚ್ಚುಕಡಿಮೆ 28 ಟನ್ ಅನಿಲ, ಒಂದು ಘಟಕದಿಂದ, ಒಂದು ದಿನಕ್ಕೆ.

ಬೂದಿ ಹಿಡಿಯುವ ಇಎಸ್‌ಪಿ ಯಂತ್ರ ಈ ಅನಿಲವನ್ನು ಹಿಡಿಯಲಾರದು. ಗಾಳಿಯಲ್ಲಿ ತೇಲುತ್ತ ಹೋದಂತೆ ಅದು ಅಮೋನಿಯಾ ಜೊತೆ ಸೇರಿ ಸಲ್ಫೇಟ್ ಕಣಗಳಾಗುತ್ತದೆ. ಪಿಎಂ 2.5 ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವಲ್ಲ, ಅದರಲ್ಲಿ ಒಂದು ಪಾಲು ಹೀಗೆ ದಾರಿಯಲ್ಲಿ ಹುಟ್ಟಿದ್ದು. ಮೂಗು, ಗಂಟಲು ಇದನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲಗಳಿಗೆ ಇಳಿಯುತ್ತದೆ. ಉಬ್ಬಸ ಇದ್ದವರಿಗೆ ಉಲ್ಬಣಿಸುತ್ತದೆ. ವರ್ಷಗಟ್ಟಲೆ ಉಸಿರಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಕಣ ಹುಟ್ಟುವುದು ನೂರಾರು ಕಿಲೋಮೀಟರ್ ದೂರದಲ್ಲಾದ್ದರಿಂದ ಯಾವ ರೋಗಿಯೂ ಇಂಥ ಸ್ಥಾವರವೇ ಕಾರಣವೆಂದು ಬೊಟ್ಟು ಮಾಡಲಾರ.

2015ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಮೊದಲ ಬಾರಿಗೆ ಸಲ್ಫರ್ ಡೈಆಕ್ಸೈಡ್‌ಗೆ ಮಿತಿ ಹಾಕಿತು. ಕೊಟ್ಟ ಕಾಲಾವಕಾಶ ಎರಡು ವರ್ಷ. ಎಫ್‌ಜಿಡಿ ಎಂಬ ಯಂತ್ರ ಕೂರಿಸಬೇಕು. ಅದು ಹೊಗೆಗೆ ಸುಣ್ಣದಕಲ್ಲಿನ ರಾಡಿ ಸಿಂಪಡಿಸಿ ಗಂಧಕವನ್ನು ಜಿಪ್ಸಂ ಆಗಿ ಇಳಿಸಿಕೊಳ್ಳುತ್ತದೆ. ಗಡುವು 2017ರಿಂದ 2022ಕ್ಕೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಮತ್ತೆ ಮುಂದೂಡಿದರು, 2022ರಲ್ಲಿ ಇನ್ನೊಮ್ಮೆ, 2024ರ ಕೊನೆಯಲ್ಲಿ ಮತ್ತೊಮ್ಮೆ. ದೊಡ್ಡ ನಗರ ಇಲ್ಲವೇ ಮಾಲಿನ್ಯ ಪಟ್ಟಿಯ ಊರಿನ ಹತ್ತು ಕಿಲೋಮೀಟರ್ ಒಳಗಿಲ್ಲದ್ದೆಲ್ಲ ಸಿ. ಗಾಳಿ ಗುಣಮಟ್ಟ ಮುಟ್ಟದ ನಗರಗಳೆಂದು ಕರ್ನಾಟಕದಿಂದ ಪಟ್ಟಿಯಲ್ಲಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಕಲ್ಲಿದ್ದಲು ಉರಿಯುವ ರಾಯಚೂರು, ಬಳ್ಳಾರಿ ಅದರಲ್ಲಿಲ್ಲ.

2025ರ ಜುಲೈ 11ರಂದು ಸಿ ವರ್ಗಕ್ಕೆ, ಎಂದರೆ ದೇಶದ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಘಟಕಗಳಿಗೆ, ಈ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ಚಿಮಣಿ ನಿಗದಿತ ಎತ್ತರವಿರಬೇಕು ಎಂಬುದು ಷರತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್) ಸೇರಿ ಕೆಲವು ಸಂಸ್ಥೆಗಳ ಅಧ್ಯಯನ ಇದಕ್ಕೆ ಆಧಾರ: ಸ್ಥಾವರದ ಸುತ್ತಲಿನ ಗಾಳಿಯಲ್ಲಿ ಈ ಅನಿಲ ಗಾಳಿ ಗುಣಮಟ್ಟದ ಮಿತಿಯೊಳಗಿದೆ, ಯಂತ್ರಕ್ಕೆ ಖರ್ಚು ಹೆಚ್ಚು, ಸುಣ್ಣದಕಲ್ಲಿನ ಗಣಿಗಾರಿಕೆಯಿಂದ ಇಂಗಾಲವೂ ಹೆಚ್ಚುತ್ತದೆ. ಖರ್ಚಿನ ಮಾತು ಒಪ್ಪಬಹುದು. ಮೊದಲನೆಯದು ನನಗೆ ಒಪ್ಪಿಗೆಯಿಲ್ಲ. ದೂರ ಸಾಗಿಸಲೆಂದೇ ಕಟ್ಟಿದ ಚಿಮಣಿಯ ಬುಡದಲ್ಲಿ ಅನಿಲ ಕಡಿಮೆ ಇರುವುದು ಸಹಜ. ಅಳೆಯಬೇಕಾದದ್ದು ದೂರದಲ್ಲಿ ಹುಟ್ಟುವ ಕಣವನ್ನು.

ಅಮೆರಿಕದಲ್ಲಿ ಅದನ್ನು ಲೆಕ್ಕ ಹಾಕಿದ್ದಾರೆ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, 1999ರಿಂದ 2020ರವರೆಗೆ ಅಲ್ಲಿನ ವಯೋವೃದ್ಧರಲ್ಲಿ 4,60,000 ಸಾವುಗಳಿಗೆ ಕಲ್ಲಿದ್ದಲು ಸ್ಥಾವರಗಳ ಕಣ ಕಾರಣ. ಆರಂಭದ ವರ್ಷಗಳಲ್ಲಿ ವರ್ಷಕ್ಕೆ 40,000 ಮೀರಿದ್ದ ಆ ಸಂಖ್ಯೆ, ಸ್ಥಾವರಗಳು ಹೊಗೆ ತೊಳೆಯಲು ಶುರುಮಾಡಿ ಹಲವು ಮುಚ್ಚಿದ ಮೇಲೆ, 2020ರಲ್ಲಿ 1,600ಕ್ಕೆ ಇಳಿದಿತ್ತು.